ಹನ್ನೊಂದನೆಯ ನಲ್ಲಿ

ಶ್ರೀಮುಖ ಸಂವತ್ಸರದ ಶ್ರಾವಣ ಅಮಾವಾಸ್ಯೆಯ ಸೂರ್ಯಗ್ರಹಣವನ್ನು ನಾನು ನೋಡಲಿಲ್ಲ. ಆ ಹೊತ್ತಿನಲ್ಲಿ ಶ್ರೀರಂಗಪಟ್ಟಣದ ಕೋಟೆಯೊಳಗಿನ ನೀರಿನ ತೊಟ್ಟಿಯ ಮೇಲೆ ಕುಳಿತು ಗಡಿಯಾರ ನೋಡುತ್ತಿದ್ದೆ. ಅಂದು ನಾನು ಮಾಡಿದ ಲೆಕ್ಕದಿಂದ ಒಬ್ಬನ ಕೆಲಸವೂ ಹೆಸರೂ ಹೋದವು. ಲೆಕ್ಕದಲ್ಲಿ ಕೂಡಿಸುವುದು ಕಳೆಯುವುದು ಎಲ್ಲ ಸರಿಯಾಗಿಯೇ ಇತ್ತು. ಅದಕ್ಕೇ ಇದನ್ನು ಬರೆಯುವುದು ಕಷ್ಟ.

ನನಗಾಗ ಇಪ್ಪತ್ತಾರು ವರ್ಷ. ಮೈಸೂರಿನಲ್ಲಿ ಬಿ.ಎಸ್ಸಿ. ಮುಗಿಸಿ, ಪಟ್ಟಣದ ನೀರಿನ ಕೆಲಸಕ್ಕೆ ಓವರ್ಸಿಯರಾಗಿ ಸೇರಿ ಎರಡು ವರ್ಷವಾಗಿತ್ತು. ಹೊಳೆಯ ದಡದ ಪಂಪು ನೀರನ್ನು ತೊಟ್ಟಿಗೆ ಏರಿಸುತ್ತಿತ್ತು. ತೊಟ್ಟಿಯಿಂದ ಬೀಡು ಕಬ್ಬಿಣದ ಪೈಪುಗಳಲ್ಲಿ ಕೋಟೆಯ ಬೀದಿಗಳಿಗೂ ಕೋಟೆಯಾಚೆಯ ಗಂಜಾಮಿಗೂ ನೀರು ಹೋಗುತ್ತಿತ್ತು. ಪಂಪಿನ ಹೊಡೆತಗಳನ್ನು ಎಣಿಸಿದರೆ ದಿನಕ್ಕೆ ಅರವತ್ತು ಸಾವಿರ ಗ್ಯಾಲನ್ ಎತ್ತಿದಂತೆ ಆಗಬೇಕು. ಜನಕ್ಕೆ ತಲುಪುತ್ತಿದ್ದುದು ನಲವತ್ತು ಸಾವಿರ. ಉಳಿದ ಇಪ್ಪತ್ತು ಸಾವಿರ ಎಲ್ಲಿ ಹೋಗುತ್ತದೆಂದು ಕಂಡುಹಿಡಿಯುವ ಕೆಲಸವನ್ನು ಇಂಜಿನಿಯರು ನನಗೆ ಒಪ್ಪಿಸಿದ್ದರು.

ಎಲ್ಲ ನಲ್ಲಿಗಳೂ ಮುಚ್ಚಿರುವಾಗ ತೊಟ್ಟಿಯ ನೀರು ಇಳಿದರೆ ಅದು ಸೋರಿಕೆ. ಒಂದೊಂದೇ ಬೀದಿಯ ವಾಲ್ವು ಮುಚ್ಚುತ್ತಾ ಹೋದರೆ, ಯಾವುದನ್ನು ಮುಚ್ಚಿದಾಗ ಇಳಿತ ನಿಲ್ಲುತ್ತದೋ ಅಲ್ಲಿ ತೂತು ಇದೆ. ಉಪಾಯ ಸುಲಭ, ಆದರೆ ಎಲ್ಲ ನಲ್ಲಿಗಳೂ ಮುಚ್ಚಿರುವ ಹೊತ್ತೇ ನಮ್ಮ ಊರಿನಲ್ಲಿ ಇರಲಿಲ್ಲ. ಹಗಲು ಜನ ಹಿಡಿಯುತ್ತಿದ್ದರು. ರಾತ್ರಿ ನಲ್ಲಿಯನ್ನು ತೆರೆದಿಟ್ಟು, ಕೆಳಗೆ ತಾಮ್ರದ ಬಿಂದಿಗೆ ಇಟ್ಟು, ನೀರು ಬಿದ್ದ ಸದ್ದಿಗೆ ಏಳೋಣವೆಂದು ಮಲಗುತ್ತಿದ್ದರು. ಹೀಗಿರುವಾಗ ಒಂದು ದಿನ ಕಚೇರಿಯ ಗೋಡೆಯ ಪಂಚಾಂಗದಲ್ಲಿ ಗ್ರಹಣ ಕಣ್ಣಿಗೆ ಬಿತ್ತು. ಬೆಳಿಗ್ಗೆ ಹಿಡಿದು ಮಧ್ಯಾಹ್ನ ಬಿಡುವ ಗ್ರಹಣ. ಆ ಹೊತ್ತಿನಲ್ಲಿ ಊರಿನಲ್ಲಿ ಯಾರೂ ನೀರು ಮುಟ್ಟುವುದಿಲ್ಲ. ಮನೆಯಲ್ಲಿದ್ದ ನೀರನ್ನೂ ಗ್ರಹಣ ಬಿಟ್ಟ ಮೇಲೆ ಚೆಲ್ಲುತ್ತಾರೆ. ನನಗೆ ಬೇಕಾದ ಎರಡು ಗಂಟೆ ಸಿಕ್ಕಿತು. ಗ್ರಹಣದ ದೋಷವನ್ನು ನಾನು ನಂಬುತ್ತಿರಲಿಲ್ಲ, ಊರಿನವರು ನಂಬುತ್ತಾರೆಂಬುದನ್ನು ನಂಬಿದೆ. ಇಂಥ ಯೋಚನೆ ನನ್ನೊಬ್ಬನಿಗೇ ಹೊಳೆಯಿತೆಂದು ಹೆಮ್ಮೆಯೂ ಆಯಿತು.

ವಾಲ್ವುಗಳ ಬೀಗದ ಕೈ ಚೌಡಯ್ಯನ ಬಳಿ ಇರುತ್ತಿತ್ತು. ಕೃಷ್ಣರಾಜಪೇಟೆ ತಾಲ್ಲೂಕಿನ ಶೀಳನೆರೆಯವನು, ಐವತ್ತರ ಆಸುಪಾಸು. ಪೈಪು ಹೂಳುವಾಗ ಮಣ್ಣು ಹೊರಲು ಬಂದವನು, ಸೀಸ ಕಾಸಿ ಬೆಸುಗೆಗೆ ಹುಯ್ಯುವುದನ್ನು ಕಲಿತು, ಹದಿನಾಲ್ಕು ವರ್ಷದಿಂದ ವಾಲ್ವಿನವನಾಗಿದ್ದ. ಸೋರಿಕೆ ಹುಡುಕುವುದಕ್ಕೆ ಅವನದೇ ಒಂದು ದಾರಿ ಇತ್ತು. ಮೂರು ಮೊಳದ ಕಬ್ಬಿಣದ ಸಲಾಕೆಯ ಒಂದು ತುದಿಯನ್ನು ಪೈಪಿನ ಮೇಲೆ ಊರಿ, ಇನ್ನೊಂದು ತುದಿಯನ್ನು ಹಲ್ಲಲ್ಲಿ ಕಚ್ಚಿ, ಎರಡು ಕೈಯಿಂದ ಕಿವಿ ಮುಚ್ಚಿಕೊಂಡು ಕುಕ್ಕರಗಾಲಿನಲ್ಲಿ ಕೂತು, ಹಲ್ಲಿಗೆ ತಾಗುವ ಅದುರಿನಿಂದಲೇ ಒಳಗಿನ ನೀರಿನ ಸದ್ದು ಹಿಡಿಯುತ್ತಿದ್ದ. ಓಡಾಡುವವರು ನಗುತ್ತಿದ್ದರು. ನನಗೂ ನಗು ಬರುತ್ತಿತ್ತು.

ಆರು ತಿಂಗಳಿಂದ ಅವನು ಒಂದೇ ಮಾತು ಹೇಳುತ್ತಿದ್ದ. ಪಂಪಿನಿಂದ ತೊಟ್ಟಿಗೆ ಬರುವ ಪೈಪು, ಹೊಳೆಯ ದಡದ ಹಳೆಯ ಮಂಟಪದ ಹತ್ತಿರ ಸದ್ದು ಮಾಡುತ್ತಿದೆ ಎಂದು. ನಾನು ಎರಡು ಸಲ ಹೋಗಿ ನೋಡಿದೆ. ನೆಲ ಒಣಗಿತ್ತು. ದಿನಕ್ಕೆ ಸಾವಿರಾರು ಗ್ಯಾಲನ್ ಸೋರುವ ಜಾಗದಲ್ಲಿ ಹುಲ್ಲಾದರೂ ಹಸಿರಾಗಿರಬೇಡವೇ ಎಂದು ಕೇಳಿದೆ.

"ನಿಮ್ಮ ಲೆಕ್ಕಕ್ಕೆ ಕಣ್ಣೈತೆ ಬುದ್ದಿ, ಕಿವಿ ಇಲ್ಲ" ಎಂದ ಚೌಡಯ್ಯ.

ಆ ಮಾತು ನನ್ನ ಮನಸ್ಸಿನಲ್ಲಿ ಉಳಿದಿತ್ತು. ಮುಂದೆ ನಾನು ಮಾಡಿದ್ದರಲ್ಲಿ ಅದರ ಪಾಲೂ ಇದ್ದೀತು.

ಗ್ರಹಣದ ದಿನ ಚೌಡಯ್ಯ ಉಪವಾಸವಿದ್ದು, ಒಲ್ಲದ ಮನಸ್ಸಿನಿಂದ ಬಂದ. ಪಂಪಿನ ಡ್ರೈವರು ನರಸಯ್ಯ ಗ್ರಹಣದಲ್ಲಿ ಇಂಜಿನ್ನು ಮುಟ್ಟುವುದಿಲ್ಲವೆಂದ. ನನಗೂ ತೊಟ್ಟಿಗೆ ಹೊಸ ನೀರು ಬರದಿರುವುದೇ ಬೇಕಾಗಿತ್ತು, ನಿಲ್ಲಿಸು ಎಂದೆ. ನಾನು ತೊಟ್ಟಿಯ ಮೇಲೆ ಒಂದು ಬಿದಿರು ಗಳುವಿಗೆ ಕೆಂಪು ಬಟ್ಟೆ ಕಟ್ಟಿಕೊಂಡು ಕೂತೆ. ಬಟ್ಟೆ ಮೇಲೇರಿದರೆ ಚೌಡಯ್ಯ ವಾಲ್ವು ಮುಚ್ಚಬೇಕು, ಇಳಿಸಿದರೆ ತೆರೆದು ಮುಂದಿನದಕ್ಕೆ ಹೋಗಬೇಕು. ನೀರಿನ ಮೇಲೆ ತೇಲುವ ಬೆಂಡಿಗೆ ಒಂದು ಉದ್ದ ಕಡ್ಡಿಯನ್ನು ನಾನೇ ಜೋಡಿಸಿದ್ದೆ. ನೀರು ಕೂದಲೆಳೆಯಷ್ಟು ಇಳಿದರೂ ಕಡ್ಡಿಯ ತುದಿ ಅದರ ಹತ್ತರಷ್ಟು ಇಳಿದು ತೋರಿಸುತ್ತಿತ್ತು.

ಬೀದಿಗಳು ಖಾಲಿಯಾಗಿದ್ದವು. ಕಡ್ಡಿ ಸಮನಾಗಿ ಇಳಿಯುತ್ತಿತ್ತು, ಗಂಟೆಗೆ ಮುನ್ನೂರು ಗ್ಯಾಲನ್ನಿನ ಲೆಕ್ಕದಲ್ಲಿ. ಗಂಜಾಮಿನ ವಾಲ್ವು ಮುಚ್ಚಿದಾಗಲೂ ಇಳಿಯಿತು, ದೇವಸ್ಥಾನದ ಬೀದಿಯದು ಮುಚ್ಚಿದಾಗಲೂ ಇಳಿಯಿತು. ಕೊನೆಗೆ ನಾನು ಮನೆ ಮಾಡಿದ್ದ ಓಣಿಯ ವಾಲ್ವು. ಮುಚ್ಚಿದೊಡನೆ ಕಡ್ಡಿ ನಿಂತಿತು. ಅಷ್ಟು ಸ್ಪಷ್ಟವಾದ ಫಲ ಕಾಲೇಜಿನ ಪ್ರಯೋಗಶಾಲೆಯಲ್ಲೂ ನನಗೆ ಸಿಕ್ಕಿರಲಿಲ್ಲ. ಅರ್ಧ ಗಂಟೆ ಮುಚ್ಚಿರಲಿ ಎಂದು ಬಟ್ಟೆಯನ್ನು ಮೇಲೆಯೇ ಬಿಟ್ಟೆ. ಆದರೆ ಹನ್ನೊಂದು ನಿಮಿಷಕ್ಕೆ ಕಡ್ಡಿ ಮತ್ತೆ ಇಳಿಯತೊಡಗಿತು. ಓಣಿಯ ಬಾಯಿ ಒಂದು ಬೇವಿನ ಮರದ ಮರೆಯಲ್ಲಿತ್ತು, ಚೌಡಯ್ಯ ಕಾಣಿಸಲಿಲ್ಲ. ಹೊತ್ತನ್ನು ಬರೆದುಕೊಂಡೆ.

ಮರುದಿನವೇ ಓಣಿಯನ್ನು ಅಗೆಸಿದೆ. ಎರಡು ವಾರ ಅಗೆದೆವು. ಒಂದೊಂದು ಬೆಸುಗೆಯನ್ನೂ ಬಟ್ಟೆಯಿಂದ ಒರೆಸಿ, ಬೂದಿ ಬಳಿದು ನೋಡಿದೆ. ಒಂದು ಹನಿಯೂ ಇರಲಿಲ್ಲ. ತೂತಿಲ್ಲದ ಪೈಪಿನಿಂದ ನೀರು ಹೋಗಿದ್ದರೆ ಯಾರೋ ನಲ್ಲಿ ಬಿಟ್ಟಿರಬೇಕು. ಆಗ ನನ್ನ ಪುಸ್ತಕದ ಆ ಹನ್ನೊಂದು ನಿಮಿಷ ನೆನಪಾಯಿತು. ಚೌಡಯ್ಯನನ್ನು ಕರೆದು, ಬಟ್ಟೆ ಇಳಿಸುವ ಮುಂಚೆ ವಾಲ್ವು ತೆರೆದೆಯಾ ಎಂದು ಕೇಳಿದೆ.

ತೆರೆದೆ ಎಂದ. ಸುಳ್ಳು ಹೇಳಲು ನೋಡಲೇ ಇಲ್ಲ.

"ಯಾಕೆ? ಯಾರಿಗೆ ನೀರು ಬಿಟ್ಟೆ?"

"ಅದೊಂದ ಕೇಳ್ಬೇಡಿ ಬುದ್ದಿ. ಸೋರೋ ಜಾಗ ಅದಲ್ಲ, ಒಳೆ ಕಡೆ ಐತೆ. ಅಲ್ಲಿ ಅಗೆಸಿ."

ನಾನು ಮತ್ತೆ ಕೇಳಿದೆ, ಗದರಿಸಿದೆ. ಅವನು ತಲೆ ತಗ್ಗಿಸಿ ನಿಂತ. ಓಣಿಯಲ್ಲಿ ಯಾರಿಗೋ ಅವನು ಗುಟ್ಟಾಗಿ ನೀರು ಕೊಡುತ್ತಿದ್ದಾನೆ, ಆ ಕಡೆಗೆ ಅಗೆಯದಂತೆ ಹೊಳೆಯ ಕಡೆ ಕೈ ತೋರಿಸುತ್ತಿದ್ದಾನೆ ಎಂದು ನನಗೆ ಆಗ ಖಚಿತವಾಯಿತು. ಮನೆಮನೆಗೆ ಹೋಗಿ ವಿಚಾರಿಸಿದೆ. ಎದುರು ಮನೆಯ ಪುಟ್ಟತಾಯಮ್ಮ, ಗ್ರಹಣದಲ್ಲಿ ನೀರು ಮುಟ್ಟುವಂಥ ಮನೆತನ ನಮ್ಮದಲ್ಲ ಎಂದು ದೀಪ ಮುಟ್ಟಿ ಆಣೆಯಿಟ್ಟು, ಆಮೇಲೆ ಒಂದು ತಿಂಗಳು ನನ್ನೊಡನೆ ಮಾತು ಬಿಟ್ಟರು. ಓಣಿಯ ಹತ್ತು ನಲ್ಲಿಗಳನ್ನೂ ಪರೀಕ್ಷಿಸಿದ್ದೇನೆ, ಎಲ್ಲರೂ ಇಲ್ಲವೆನ್ನುತ್ತಾರೆ, ಇನ್ನು ಬಾಯಿ ಬಿಡಬೇಕಾದವನು ನೀನೇ ಎಂದು ಚೌಡಯ್ಯನಿಗೆ ಹೇಳಿದೆ.

"ಓಣೀಲಿ ಅನ್ನೊಂದು ನಲ್ಲಿ ಅವೆ ಬುದ್ದಿ" ಎಂದ.

"ನನ್ನದು ಸೇರಿ ಹನ್ನೊಂದು. ಗೊತ್ತು" ಎಂದೆ.

ಅವನು ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿದ.

ವರದಿ ಬರೆದೆ. ಅಪ್ಪಣೆಯಿಲ್ಲದೆ ವಾಲ್ವು ತೆರೆದ, ಯಾರಿಗೋ ನೀರು ಕದ್ದು ಕೊಟ್ಟ, ಕೇಳಿದರೆ ಹೆಸರು ಹೇಳಲು ಒಪ್ಪಲಿಲ್ಲ ಎಂದು ಮೂರು ಪುಟ. ಅದರಲ್ಲಿ ಒಂದು ಕಡೆ ನನ್ನ ಪೆನ್ನು ತಡೆದದ್ದು ನೆನಪಿದೆ. ಗಂಟೆಗೆ ಮುನ್ನೂರು ಗ್ಯಾಲನ್ ಎಂದರೆ ದಿನಕ್ಕೆ ಏಳು ಸಾವಿರದ ಚಿಲ್ಲರೆ. ಕಾಣೆಯಾಗುತ್ತಿದ್ದುದು ಇಪ್ಪತ್ತು ಸಾವಿರ. ಉಳಿದ ಹದಿಮೂರು ಸಾವಿರದ ಮುಂದೆ 'ಇತರೆ' ಎಂದು ಬರೆದು ಮುಂದಕ್ಕೆ ಹೋದೆ. ಆ ಒಂದು ಪದದ ಹತ್ತಿರ ನಿಂತಿದ್ದರೆ ಸಾಕಿತ್ತು.

ಮಹಾನವಮಿಯಾದ ಮೇಲೆ ಚೌಡಯ್ಯನನ್ನು ತೆಗೆದರು. ವಾಲ್ವಿನ ಕೈಯನ್ನು ನನ್ನ ಮೇಜಿನ ಮೇಲಿಟ್ಟು, ಕಚೇರಿಯ ಕೊಟ್ಟಿಗೆಯ ಪಕ್ಕದಲ್ಲಿದ್ದ ಗುಡಿಸಲು ಖಾಲಿ ಮಾಡಿ, ಹೆಂಡತಿ ಬೆಟ್ಟಮ್ಮನನ್ನು ಕರೆದುಕೊಂಡು ಶೀಳನೆರೆಗೆ ಹೊರಟುಹೋದ. ಆ ದಿನ ನೀರು ಹಿಡಿಯುತ್ತಿದ್ದ ಹೆಂಗಸರು ಅವನನ್ನು ನೀರುಗಳ್ಳ ಎಂದು ಆಡಿಕೊಂಡರಂತೆ. ಆ ಮಾತನ್ನು ಅವರಿಗೆ ಕಲಿಸಿದವನು ನಾನು.

ಕಾರ್ತೀಕ ಮಾಸದಲ್ಲಿ ಒಂದು ಬೆಳಿಗ್ಗೆ ತೊಟ್ಟಿಗೆ ನೀರು ಏರುವುದು ನಿಂತುಹೋಯಿತು. ನರಸಯ್ಯನ ಪಂಪು ಸರಿಯಾಗಿಯೇ ಹೊಡೆಯುತ್ತಿತ್ತು. ಓಡಿ ಹೋಗಿ ನೋಡಿದರೆ, ಮಂಟಪದ ಹತ್ತಿರ ಹೊಳೆಯ ದಡ ಎರಡಾಳು ಉದ್ದಕ್ಕೆ ಕುಸಿದು, ಪೈಪು ಸೀಳಿ ಬಾಯಿ ಬಿಟ್ಟಿತ್ತು. ಅದರ ಕೆಳಗೆ ಕಲ್ಲು ತುಂಬಿದ ಯಾವ ಕಾಲದ್ದೋ ಒಂದು ಕಾಲುವೆ. ಎಷ್ಟೋ ತಿಂಗಳಿಂದ ನೀರು ಮೇಲಕ್ಕೆ ತೇವವನ್ನೂ ತೋರಿಸದೆ ಅದರೊಳಗಿಂದ ನೇರವಾಗಿ ಹೊಳೆಗೆ ಹೋಗಿತ್ತು.

"ಚೌಡಣ್ಣ ನಿಂತು ತೋರುಸ್ತಿದ್ದುದು ಇದೇ ಜಾಗ" ಎಂದ ನರಸಯ್ಯ, ನನ್ನ ಕಡೆ ನೋಡದೆ.

ಪೈಪು ಬದಲಾಯಿಸಿದ ಮೇಲೆ ತೊಟ್ಟಿಗೆ ಅರವತ್ತು ಸಾವಿರವೂ ಬಂತು. ಗ್ರಹಣದ ಹೊತ್ತಿನಲ್ಲಿ ಪಂಪು ನಿಲ್ಲಿಸಿದ್ದೆನಲ್ಲ, ಆಗ ಈ ಪೈಪಿನಲ್ಲಿ ನೀರೇ ಇರಲಿಲ್ಲ. ಸೋರುತ್ತಿದ್ದ ಒಂದೇ ಪೈಪನ್ನು ಪರೀಕ್ಷೆಯಿಂದ ನಾನೇ ಹೊರಗಿಟ್ಟು, ಉಳಿದ ಊರನ್ನೆಲ್ಲ ಪರೀಕ್ಷಿಸಿದ್ದೆ. ಆದರೂ ಓಣಿಯ ಆ ಮುನ್ನೂರು ಗ್ಯಾಲನ್ ಉಳಿಯಿತು. ಸೋರಿಕೆಯ ಮಾತಿನಲ್ಲಿ ಚೌಡಯ್ಯ ಸರಿ, ಕಳ್ಳತನದ ಮಾತಿನಲ್ಲಿ ನಾನು ಸರಿ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ.

ಆ ವಾರ ನನ್ನ ಅವ್ವ ತಂಗಿಯ ಊರಿಂದ ಬಂದಳು. ಅವ್ವನ ಹೆಸರು ಮುತ್ತಮ್ಮ. ನಮ್ಮದು ನಾಗಮಂಗಲದ ಕಡೆಯ ಬೇಸಾಯದ ಮನೆ. ಅಪ್ಪ ತೀರಿಕೊಂಡ ಮೇಲೆ ಅವ್ವ ನನ್ನ ಜೊತೆ ಪಟ್ಟಣದಲ್ಲಿದ್ದಳು. ಗ್ರಹಣವಾಗಿ ಎರಡೇ ದಿನಕ್ಕೆ, ಗೌರಿ ಹಬ್ಬಕ್ಕೆಂದು ನನ್ನ ತಂಗಿಯ ಮನೆಗೆ ಹೋದವಳು ಅಲ್ಲೇ ಬಾಣಂತನ ಮುಗಿಸಿ ಈಗ ಬಂದಿದ್ದಳು. ಅವರೆಕಾಯಿ ಸುಲಿಯುತ್ತಾ ಕೂತವಳು, ಚೌಡಯ್ಯ ಯಾಕೆ ಕಾಣಿಸುತ್ತಿಲ್ಲ ಎಂದು ಕೇಳಿದಳು. ತೆಗೆದುಹಾಕಿದರು ಎಂದೆ. ಯಾಕೆಂದು ಕೇಳಿದಳು. ಗ್ರಹಣದ ದಿನ ಕದ್ದು ವಾಲ್ವು ತೆರೆದದ್ದಕ್ಕೆ ಎಂದೆ.

ಅವ್ವ ಮೊರವನ್ನು ಪಕ್ಕಕ್ಕಿಟ್ಟಳು.

"ಅದು ನನಗೆ ಕಣಪ್ಪ ಅವನು ಬುಟ್ಟಿದ್ದು" ಎಂದಳು.

ಆ ಗ್ರಹಣ ಹಿಡಿದದ್ದು ಮಖಾ ನಕ್ಷತ್ರದಲ್ಲಿ. ಅದು ಅವ್ವನ ಜನ್ಮನಕ್ಷತ್ರ. ಹಿಡಿದಾಗಿಂದ ಬಿಡುವ ತನಕ ಹರಿಯುವ ನೀರಿನಲ್ಲಿ ನಿಂತಿರದಿದ್ದರೆ ನಿನಗೂ ನಿನ್ನ ಮಗನಿಗೂ ಕೇಡು ಎಂದು ಜೋಯಿಸರು ಹೇಳಿದ್ದರಂತೆ. ಹೊಳೆ ತುಂಬಿ ಮೆಟ್ಟಿಲು ಮುಳುಗಿದ್ದವು. ಅವ್ವ ಬಚ್ಚಲ ಬಾಗಿಲು ಹಾಕಿಕೊಂಡು, ನಲ್ಲಿಯನ್ನು ಪೂರ್ತಿ ಬಿಟ್ಟು, ಅದರ ಕೆಳಗೆ ನಿಂತಿದ್ದಳು. ನಡುವೆ ನೀರು ನಿಂತುಹೋಯಿತು. ಗಾಬರಿಯಾಗಿ ಅತ್ತಳಂತೆ. ಸಲಾಕೆ ಹಿಡಿದು ಸದ್ದಿನ ಹಿಂದೆಯೇ ಬಂದಿದ್ದ ಚೌಡಯ್ಯ ಹಿತ್ತಲ ಗೋಡೆಯಾಚೆಯಿಂದ, ಯಾರವ್ವಾ ಎಂದು ಕೇಳಿದ. ವಿಷಯ ತಿಳಿದು, ಅಳಬೇಡಿ ಅವ್ವ, ಬುಡ್ತೀನಿ ಎಂದ.

"ನನ್ನ ಮಗನಿಗೆ ಏಳ್ಬ್ಯಾಡ ಕಣಪ್ಪ ಅಂತ ನಾನೇ ಮಾತು ತಕ್ಕಂಡೆ" ಎಂದಳು ಅವ್ವ. "ನೀನು ಆಡ್ಕೊಂಡು ನಗ್ತಿದ್ದೆಯಲ್ಲ."

ನಾನು ನಗುತ್ತಿದ್ದೆ, ನಿಜ. ಹಬ್ಬ, ಹೊತ್ತು, ಹಲ್ಲಿ ಎಲ್ಲಕ್ಕೂ ನಗುತ್ತಿದ್ದೆ. ಊರಿನವರ ನಂಬಿಕೆಯನ್ನು ಲೆಕ್ಕಕ್ಕೆ ತೆಗೆದುಕೊಂಡವನು ನನ್ನ ಮನೆಯೊಳಗಿನ ನಂಬಿಕೆಯನ್ನು ಕೇಳಿಯೂ ಇರಲಿಲ್ಲ. ಹತ್ತು ಮನೆಗಳ ನಲ್ಲಿಯನ್ನು ತಿರುಗಿಸಿ ನೋಡಿದವನಿಗೆ ಹನ್ನೊಂದನೆಯದನ್ನು ನೋಡಬೇಕೆಂದು ಹೊಳೆಯಲೇ ಇಲ್ಲ.

ಅಂದೇ ಬರೆಯಬೇಕಿತ್ತು. ಹತ್ತು ದಿನ ಬರೆಯಲಿಲ್ಲ. ಇಂಜಿನಿಯರು ಏನೆನ್ನುತ್ತಾರೆ, ಪುಟ್ಟತಾಯಮ್ಮನ ಮುಂದೆ ಹೇಗೆ ಓಡಾಡುವುದು, ಅವ್ವನ ಹೆಸರು ಕಚೇರಿಯ ಕಾಗದದಲ್ಲಿ ಹೇಗೆ ಬರೆಯುವುದು, ಹೀಗೆ ದಿನಕ್ಕೊಂದು ನೆಪ ಸಿಗುತ್ತಿತ್ತು. ಕೊನೆಗೆ ಒಂದು ಪುಟ ಬರೆದೆ. ಮುಖ್ಯ ಸೋರಿಕೆ ಚೌಡಯ್ಯ ತೋರಿಸಿದ್ದ ಜಾಗದಲ್ಲಿಯೇ ಸಿಕ್ಕಿದೆ. ಗ್ರಹಣದ ದಿನ ಓಣಿಯ ಒಂದು ಮನೆಯವರು ಧಾರ್ಮಿಕ ಕಾರಣಕ್ಕೆ ನಲ್ಲಿ ಬಿಟ್ಟಿದ್ದರೆಂದು ಈಗ ತಿಳಿದುಬಂದಿದೆ. ಚೌಡಯ್ಯ ಅವರ ಮೇಲಿನ ಕರುಣೆಯಿಂದ ವಾಲ್ವು ತೆರೆದ. ಅವನನ್ನು ಮತ್ತೆ ತೆಗೆದುಕೊಳ್ಳಬಹುದು. ಅದನ್ನು ಕಳಿಸುವ ಮುಂಚೆ ಅವನಿಗೆ ಓದಿ ಹೇಳಬೇಕೆನಿಸಿತು. ನಿಜ ಹೇಳಬೇಕೆಂದರೆ, ಅವನು ಸಾಕು ಬುದ್ದಿ ಎನ್ನುವುದನ್ನು ಕೇಳಬೇಕಾಗಿತ್ತು.

ಫ್ರೆಂಚ್ ರಾಕ್ಸ್ ಎಂಬ ಊರಿನ ಮೇಲೆ ಕೃಷ್ಣರಾಜಪೇಟೆಗೆ ಬಸ್ಸು, ಅಲ್ಲಿಂದ ಎತ್ತಿನ ಗಾಡಿ. ಶೀಳನೆರೆ ಮುಟ್ಟಿದಾಗ ಮಧ್ಯಾಹ್ನ. ಚೌಡಯ್ಯ ತಮ್ಮನ ಕಣದಲ್ಲಿ ರಾಗಿ ಮೆದೆ ಹಾಕುತ್ತಿದ್ದ. ನನ್ನನ್ನು ಕಂಡು ಇಳಿದು ಬಂದು, ಮೊದಲಿನಂತೆಯೇ ಕೈ ಮುಗಿದು, ಜಗುಲಿಯ ಮೇಲೆ ಕಂಬಳಿ ಹಾಸಿದ. ಅವ್ವ ಊರಿಂದ ಬಂದರಾ ಎಂದು ಕೇಳಿದ. ಬಂದಳು, ಎಲ್ಲ ಹೇಳಿದಳು ಎಂದೆ. ಅವನು ತಲೆಯಾಡಿಸಿದ. ನನ್ನಿಂದ ತಪ್ಪಾಯಿತು ಎಂದೆ. ಅದಕ್ಕೂ ತಲೆಯಾಡಿಸಿದ. ಬೆಟ್ಟಮ್ಮ ಬಾಗಿಲಿನ ಚೌಕಟ್ಟಿಗೆ ಒರಗಿ ನಿಂತಿದ್ದಳು. ನೀರು ಬೇಕಾ ಎಂದು ಕೂಡ ಕೇಳಲಿಲ್ಲ.

ಕಾಗದ ತೆಗೆದು ನಿಧಾನವಾಗಿ ಓದಿದೆ. ಮುಗಿದ ಮೇಲೆ ಚೌಡಯ್ಯ, ಆ ಒಂದು ಮನೆಯವರು ಅಂತ ಬರೆದೀರಲ್ಲ, ಅದನ್ನ ಇನ್ನೊಂದ್ಸಲ ಓದಿ ಎಂದ. ಓದಿದೆ.

"ಓಣೀಲಿ ಅನ್ನೊಂದು ಮನೆ. ಇದ ಓದ್ದೋರು ಅನ್ನೊಂದು ಮನೆ ಮ್ಯಾಲೂ ಕಣ್ಣು ಮಡಗ್ತಾರೆ" ಎಂದ. "ಅದ್ಕಿಂತ ನನ್ನೊಬ್ಬನ ಮ್ಯಾಲೇ ಇರ್ಲಿ ಬುಡಿ ಬುದ್ದಿ."

ಅವ್ವನ ಹೆಸರು ಕಚೇರಿಯಲ್ಲಿ ಓಡಾಡಬಾರದೆಂದು ಹಾಗೆ ಬರೆದೆ ಎಂದೆ.

"ಕಳ್ಳ ಅಂತ ಬರೆಯೋವಾಗ ಎಸ್ರು ಸಿಕ್ಕಿತ್ತಲ್ಲ ಸೋಮಿ ನಿಮಗೆ" ಎಂದಳು ಬೆಟ್ಟಮ್ಮ. "ಅಪ್ಪನ ಎಸ್ರು, ಊರ ಎಸ್ರು ಎಲ್ಲಾ ಸಿಕ್ಕಿತ್ತು."

ಚೌಡಯ್ಯ ಅವಳಿಗೆ ಸುಮ್ಕಿರು ಎಂದ. ಆದರೆ ಆ ಮಾತು ತಪ್ಪು ಎಂದು ಹೇಳಲಿಲ್ಲ.

ನಾನು ಆ ಪುಟವನ್ನು ಹರಿದೆ. ಚೀಲದಲ್ಲಿ ಬಿಳಿ ಕಾಗದವಿತ್ತು. ಜಗುಲಿಯ ಮೇಲೆಯೇ ಮಂಡಿಯ ಮೇಲಿಟ್ಟುಕೊಂಡು ಮತ್ತೆ ಬರೆದೆ. ಅಂದು ನೀರು ಹರಿದದ್ದು ಈ ವರದಿ ಬರೆಯುತ್ತಿರುವ ಶಿವಲಿಂಗಯ್ಯನಾದ ನನ್ನ ಮನೆಯ ನಲ್ಲಿಯಿಂದ. ನಿಂತಿದ್ದವರು ನನ್ನ ತಾಯಿ. ಹತ್ತು ಮನೆಗಳನ್ನು ಪರೀಕ್ಷಿಸಿ ನನ್ನದನ್ನು ಬಿಟ್ಟವನು ನಾನು. ಹದಿಮೂರು ಸಾವಿರ ಗ್ಯಾಲನ್ನಿಗೆ ಕಾರಣ ಗೊತ್ತಿಲ್ಲದೆ 'ಇತರೆ' ಎಂದು ತುಂಬಿಸಿದವನು ನಾನು. ಚೌಡಯ್ಯ ಕದ್ದಿಲ್ಲ, ಕೊಟ್ಟ ಮಾತು ಉಳಿಸಿಕೊಂಡಿದ್ದಾನೆ. ಬರೆದದ್ದನ್ನು ಓದಿ ಹೇಳಿದೆ. ಚೌಡಯ್ಯ ಕೊನೆಯ ಸಾಲನ್ನು ಬೆಟ್ಟಮ್ಮನಿಗೆ ಕೇಳುವಂತೆ ಇನ್ನೊಮ್ಮೆ ಓದಲು ಹೇಳಿದ. ಓದಿದೆ. ಬೆಟ್ಟಮ್ಮ ಒಳಗೆ ಹೋಗಿ ಮಜ್ಜಿಗೆ ತಂದಿಟ್ಟಳು.

ಕೆಲಸಕ್ಕೆ ಬರುತ್ತೀಯಾ ಎಂದು ಕೇಳಿದೆ. ರಾಗಿ ಬಡಿದಾಗಲಿ, ಆಮೇಲೆ ನೋಡೋಣ ಎಂದ.

ಅವ್ವನಿಗೆ ಕಾಗದದ ವಿಷಯ ಹೇಳಿದಾಗ, ನಾನೇ ತಾನೆ ನಿಂತಿದ್ದು, ಬರೆದರೆ ಏನಂತೆ ಎಂದಳು. ಆಮೇಲೆ ತಾನೇ ಎದುರು ಮನೆಗೆ ಹೋಗಿ ಪುಟ್ಟತಾಯಮ್ಮನಿಗೆ ಎಲ್ಲ ಹೇಳಿ ಬಂದಳು. ನಾನು ಹೆದರಿದ್ದ ಕೆಲಸ ಅವಳಿಗೆ ಎಲೆ ಅಡಿಕೆ ಹಾಕಿಕೊಳ್ಳುವಷ್ಟು ಹೊತ್ತಿನಲ್ಲಿ ಮುಗಿಯಿತು. ಇಂಜಿನಿಯರು ನನ್ನನ್ನು ನಿಲ್ಲಿಸಿಕೊಂಡು ಕಾಗದವನ್ನು ಎರಡು ಸಲ ಓದಿದರು, ಛೀಮಾರಿಯನ್ನು ಬರವಣಿಗೆಯಲ್ಲಿ ಕೊಟ್ಟರು. ಪುಷ್ಯ ಮಾಸದಲ್ಲಿ ಚೌಡಯ್ಯ ತಿರುಗಿ ಬಂದ. ಅದೇ ಗುಡಿಸಲು, ಅದೇ ಕೆಲಸ. ನೀರುಗಳ್ಳ ಎಂದಿದ್ದ ಹೆಂಗಸರೇ ಅವನಿಗೆ ಸಂಕ್ರಾಂತಿಯ ಎಳ್ಳು ಬೀರಿದರು.

ಆದರೆ ಅವನು ಮೊದಲಿನಂತೆ ತಾನಾಗಿ ಬಂದು, ಅಲ್ಲಿ ಸದ್ದೈತೆ, ಇಲ್ಲಿ ಸೋರ್ತದೆ ಎಂದು ಹೇಳುವುದನ್ನು ಬಿಟ್ಟಿದ್ದ. ತೆರೆ ಎಂದರೆ ತೆರೆಯುವನು, ಮುಚ್ಚು ಎಂದರೆ ಮುಚ್ಚುವನು. ನಾನು ತಪ್ಪು ಜಾಗದಲ್ಲಿ ಅಗೆಸಿದರೂ ಸುಮ್ಮನೆ ಅಗೆಯುವನು. ಬೇಸಿಗೆಯಲ್ಲಿ ಗಂಜಾಮಿನ ದಾರಿಯಲ್ಲಿ ಒತ್ತಡ ಕಡಿಮೆಯಾಯಿತು. ಇಬ್ಬರೂ ಪೈಪಿನ ಗುಂಟ ನಡೆದೆವು. ಒಂದು ಹುಣಸೆ ಮರದ ಹತ್ತಿರ ಅವನ ಕಾಲು ಒಂದು ಕ್ಷಣ ತಡೆಯಿತು, ಮತ್ತೆ ನಡೆದ. ನಾನು ನಿಂತೆ. ಇಲ್ಲೇನಾದರೂ ಇದೆಯೇ ಎಂದು ಕೇಳಿದೆ.

"ನೀವು ಅಳೆದು ನೋಡಿ ಬುದ್ದಿ."

"ಅಳೆಯುತ್ತೇನೆ. ಮೊದಲು ನೀನು ಹೇಳು, ಚೌಡಯ್ಯ. ನಾನೇ ಕೇಳುತ್ತಿದ್ದೇನೆ."

ಅವನು ಸಲಾಕೆಯನ್ನು ಮರಕ್ಕೆ ಒರಗಿಸಿದ.

"ಕೇಳಿದ್ದು ನೀವೇ ಅಂತ ಬರೆದುಕೊಡ್ತೀರಾ?" ಎಂದ.

ನೋವು ಮಾಡಬೇಕೆಂದು ಅವನು ಹಾಗೆ ಕೇಳಲಿಲ್ಲ. ಅವನ ಮುಖದಲ್ಲಿ ಸಿಟ್ಟಾಗಲಿ ವ್ಯಂಗ್ಯವಾಗಲಿ ಇರಲಿಲ್ಲ. ನಾನು ಪುಸ್ತಕದ ಒಂದು ಹಾಳೆ ಹರಿದು, ಈ ಜಾಗದಲ್ಲಿ ಸದ್ದು ಕೇಳಿ ಹೇಳಬೇಕೆಂದು ಚೌಡಯ್ಯನನ್ನು ನಾನೇ ಕೇಳಿಕೊಂಡಿದ್ದೇನೆ ಎಂದು ಬರೆದು, ತಾರೀಖು ಹಾಕಿ, ರುಜು ಮಾಡಿ ಕೊಟ್ಟೆ. ಅವನಿಗೆ ಓದಲು ಬರುತ್ತಿರಲಿಲ್ಲ. ಚೀಟಿಯನ್ನು ನಾಲ್ಕು ಮಡಿಕೆ ಮಾಡಿ ರುಮಾಲಿನೊಳಗೆ ಸಿಕ್ಕಿಸಿಕೊಂಡ. ಆಮೇಲೆ ಸಲಾಕೆ ಊರಿ ಕುಕ್ಕರಿಸಿದ.

ನಾಲ್ಕು ಅಡಿ ಕೆಳಗೆ, ಅವನು ಹೇಳಿದಲ್ಲೇ ಬೆಸುಗೆ ಬಿಟ್ಟಿತ್ತು. ನನಗೆ ವರ್ಗವಾಗುವ ತನಕ, ಇನ್ನೂ ಐದು ವರ್ಷ, ಪ್ರತಿ ಸಲವೂ ಅವನು ಚೀಟಿ ಕೇಳಿದ; ಪ್ರತಿ ಸಲವೂ ನಾನು ಬರೆದುಕೊಟ್ಟೆ.